ಪಾಠ ಊರಿಗೆ ಬರಲಿ, ಕನ್ನಡದಲ್ಲಿ ಬರಲಿ

ಬಾಯಿಬಿಟ್ಟು ಹೇಳಲಾಗದ ಮಗುವಿಗೆ ಹೊಟ್ಟೆನೋವು ಬಂದರೆ ಗೊತ್ತಾಗುವುದು ಹೇಗೆ? ಅದು ಗೋಡೆಗೆ ತಲೆ ಚಚ್ಚಿಕೊಳ್ಳಬಹುದು, ಎರಡು ದಿನ ಊಟ ಬಿಡಬಹುದು, ಎತ್ತಿಕೊಳ್ಳಲು ಬಂದವರನ್ನು ಪರಚಬಹುದು. ಏನೋ ಆಗಿದೆ ಎಂದು ತಾಯಿಗೆ ತಿಳಿಯುತ್ತದೆ. ಆಸ್ಪತ್ರೆಗೆ ಹೊತ್ತುಕೊಂಡು ಹೋದರೆ ಎಷ್ಟೋ ಸಲ ಸಿಗುವ ಉತ್ತರ, ‘ಅದು ಇರೋದೇ ಹಂಗಲ್ವೇನಮ್ಮ.’ ಮಲಬದ್ಧತೆಯೋ, ಹಲ್ಲುನೋವೋ, ಕಿವಿ ಸೋರುತ್ತಿದೆಯೋ, ಯಾರೂ ನೋಡುವುದಿಲ್ಲ. ಕಾಯಿಲೆ ಬುದ್ಧಿಮಾಂದ್ಯತೆಯ ಹಿಂದೆ ಅಡಗಿ ಕೂತುಬಿಡುತ್ತದೆ.

ಅಡಗಿದ ಕಾಯಿಲೆಯನ್ನು ಹುಡುಕುವುದೂ ಒಂದು ವಿದ್ಯೆ. ಅದನ್ನು ಕಲಿತವರು ನಮ್ಮ ಹಳ್ಳಿಗಳಲ್ಲಿ ಕಾಣಸಿಗುವುದಿಲ್ಲ. ಕಲಿಯುವ ಮನಸ್ಸಿರುವವರು ಇದ್ದಾರೆ. ಆದರೆ ಕಲಿಸುವ ಜಾಗ ದೂರ, ಕಲಿಸುವ ಭಾಷೆ ಬೇರೆ. ಅವರು ಊರು ಬಿಟ್ಟು ಹೋಗಲಾರರು, ಆದ್ದರಿಂದ ಪಾಠವೇ ಊರಿಗೆ ಬರಬೇಕು ಎಂಬುದು ನಮ್ಮ ವಾದ.

ಇದು ಆಗುವ ಮಾತೇ ಎಂದು ಕೇಳುವವರು ಬ್ರಿಟನ್ ಕಡೆ ನೋಡಲಿ. ಅಲ್ಲಿ ನರ್ಸಿಂಗ್‌ನಲ್ಲಿ ನಾಲ್ಕು ವಿಭಾಗ: ದೊಡ್ಡವರು, ಮಕ್ಕಳು, ಮಾನಸಿಕ ಆರೋಗ್ಯ, ಮತ್ತು ‘ಲರ್ನಿಂಗ್ ಡಿಸೆಬಿಲಿಟಿ’. ನಮ್ಮಲ್ಲಿ ಈ ಹೆಸರನ್ನು ಓದು ಬರಹದಲ್ಲಿ ತೊಡಕಿರುವ ಮಕ್ಕಳಿಗೆ ಬಳಸುತ್ತಾರೆ. ಅಲ್ಲಿ ಅದರ ಅರ್ಥ ನಾವು ಬುದ್ಧಿಮಾಂದ್ಯತೆ ಅನ್ನುವುದೇ. ಈ ವಿಭಾಗದ ನರ್ಸ್ ಮಾತು ಬಾರದವರ ನೋವನ್ನು ಗುರುತಿಸುವುದು, ಫಿಟ್ಸ್ ಬಂದಾಗ ನೋಡಿಕೊಳ್ಳುವುದು, ಅನ್ನ ಗಂಟಲಿಗೆ ಸಿಕ್ಕಿಕೊಳ್ಳದಂತೆ ಉಣಿಸುವುದು, ಮನೆಯವರಿಗೆ ಹೇಳಿಕೊಡುವುದು, ಇವನ್ನೆಲ್ಲ ಕಲಿಯುತ್ತಾರೆ.

ಇಷ್ಟಿದ್ದೂ ಅಲ್ಲಿ ಎಲ್ಲ ಸರಿಯಿಲ್ಲ. ಬುದ್ಧಿಮಾಂದ್ಯತೆ ಇರುವ ಗಂಡಸರು ಉಳಿದವರಿಗಿಂತ 13 ವರ್ಷ, ಹೆಂಗಸರು 20 ವರ್ಷ ಮೊದಲೇ ಸಾಯುತ್ತಿದ್ದಾರೆ ಎಂದು 2013ರಲ್ಲಿ ಇಂಗ್ಲೆಂಡಿನ ಒಂದು ತನಿಖಾ ವರದಿ ಹೇಳಿತು. ಈ ನರ್ಸ್‌ಗಳ ಸಂಖ್ಯೆಯೂ ಇಳಿಯುತ್ತ ಬಂದಿದೆ. ಕೆಲವು ವಿಶ್ವವಿದ್ಯಾಲಯಗಳು ಕೋರ್ಸನ್ನೇ ನಿಲ್ಲಿಸಿದವು. ಹತ್ತಿರದ ಕಾಲೇಜು ಬಾಗಿಲು ಹಾಕಿದರೆ ಮನೆ, ಮಕ್ಕಳು ಇರುವ ಹೆಣ್ಣುಮಗಳು ಎಲ್ಲಿಗೆ ಹೋಗಿ ಓದಬೇಕು?

ಅಂಥವರಿಗೆ ಅಲ್ಲಿನ ಓಪನ್ ಯೂನಿವರ್ಸಿಟಿ ಒಂದು ದಾರಿ ಮಾಡಿದೆ. ಆಸ್ಪತ್ರೆಯಲ್ಲೋ ಆರೈಕೆ ಕೇಂದ್ರದಲ್ಲೋ ಸಹಾಯಕಿಯಾಗಿ ದುಡಿಯುತ್ತಿರುವವರು ಆ ಕೆಲಸದಲ್ಲಿದ್ದುಕೊಂಡೇ ನರ್ಸಿಂಗ್ ಪದವಿ ಓದಬಹುದು. ಪಾಠ ಮನೆಯಲ್ಲಿ, ಕೈಕೆಲಸದ ಕಲಿಕೆ ತಮ್ಮದೇ ಆಸ್ಪತ್ರೆಯಲ್ಲಿ ಮತ್ತು ಸುತ್ತಮುತ್ತ. ಹಾಗೆಂದು ಇದು ಅರ್ಧಂಬರ್ಧ ಓದಲ್ಲ. ಬ್ರಿಟನ್ನಿನಲ್ಲಿ ನರ್ಸ್ ಆಗಲು ಬಹುಕಾಲದಿಂದ ಇರುವ ಲೆಕ್ಕ 4,600 ಗಂಟೆ, ಅರ್ಧ ಪಾಠ, ಅರ್ಧ ರೋಗಿಗಳ ಜೊತೆ. ಮನೆಯಲ್ಲಿ ಓದುವವರಿಗೂ ಆ ಲೆಕ್ಕದಲ್ಲಿ ರಿಯಾಯಿತಿ ಇಲ್ಲ.

ಈಗ ನಮ್ಮ ಕಡೆ ಬನ್ನಿ. ನಮ್ಮಲ್ಲಿ ಅಂಥ ಪ್ರತ್ಯೇಕ ನರ್ಸ್ ವಿಭಾಗ ಇಲ್ಲ. ಬೌದ್ಧಿಕ ಅಂಗವೈಕಲ್ಯಕ್ಕಾಗಿಯೇ ಇರುವ ರಾಷ್ಟ್ರೀಯ ಸಂಸ್ಥೆ ಸಿಕಂದರಾಬಾದಿನಲ್ಲಿದೆ, ನಿಮ್ಹಾನ್ಸ್ ಬೆಂಗಳೂರಿನಲ್ಲಿ. ಔರಾದಿನ ಹುಡುಗಿಗೆ ಎರಡೂ ದೂರವೇ.

ಆದರೆ ಊರಲ್ಲೇ ಒಬ್ಬರು ಇದ್ದಾರೆ. ಗ್ರಾಮ ಪಂಚಾಯಿತಿಗೆ ಒಬ್ಬರಂತೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ನಾವೆಲ್ಲ ವಿಆರ್‌ಡಬ್ಲ್ಯು ಅನ್ನುವವರು. ಅವರೂ ವಿಕಲಚೇತನರೇ, ಅದೇ ಊರಿನವರು, ಗೌರವಧನಕ್ಕೆ ದುಡಿಯುವವರು. ಯಾವ ಮನೆಯಲ್ಲಿ ಯಾವ ಮಗು ಇದೆ ಎಂಬುದು ಅವರಿಗೆ ಬಾಯಿಪಾಠ. ನಾವು ಕಂಡಂತೆ ಅವರ ದಿನವೆಲ್ಲ ಯುಡಿಐಡಿ ಕಾರ್ಡು, ಪಿಂಚಣಿ ಅರ್ಜಿ, ಸರ್ವೆಯಲ್ಲೇ ಕಳೆಯುತ್ತದೆ. ಮಗುವಿಗೆ ಹೇಗೆ ಉಣಿಸಬೇಕು ಎಂದು ತಾಯಿಗೆ ತೋರಿಸಿಕೊಡುವ ತರಬೇತಿ ಅವರಿಗೆ ಯಾರು ಕೊಟ್ಟಿದ್ದಾರೆ?

ಕೇಂದ್ರಕ್ಕೆ ಇದು ಹೊಳೆಯದ ಮಾತಲ್ಲ. ಭಾರತೀಯ ಪುನರ್ವಸತಿ ಪರಿಷತ್ತು ಮತ್ತು ಆಸ್ಟ್ರೇಲಿಯಾದ ಮೆಲ್ಬರ್ನ್ ವಿಶ್ವವಿದ್ಯಾಲಯ ಸೇರಿ ಆರು ತಿಂಗಳ ಕೋರ್ಸ್ ಒಂದನ್ನು ರೂಪಿಸಿದವು. ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರ ಜೊತೆ ನಿಂತು ಕೆಲಸ ಮಾಡುವ ‘ದಿವ್ಯಾಂಗ ಮಿತ್ರ’ರನ್ನು ತಯಾರು ಮಾಡುವುದು ಅದರ ಉದ್ದೇಶ. 2021ರ ಮೇನಲ್ಲಿ ಅದು ಶುರುವಾದಾಗ ಇಂಗ್ಲಿಷ್, ಹಿಂದಿ ಬಿಟ್ಟು ಇನ್ನೂ ಏಳು ಭಾಷೆಗಳ ಹೆಸರು ಹೇಳಿದರು: ಗುಜರಾತಿ, ಮರಾಠಿ, ಒಡಿಯಾ, ಬಂಗಾಳಿ, ತೆಲುಗು, ತಮಿಳು, ಗಾರೋ. ಮೇಘಾಲಯದ ಗಾರೋ ಭಾಷೆಗೆ ಜಾಗ ಸಿಕ್ಕಿದ್ದು ಸಂತೋಷವೇ. ಆದರೆ ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಆಗ ನಮ್ಮ ಕಡೆಯಿಂದ ಯಾರು ಕೇಳಿದರು?

ಕಾನೂನಂತೂ ನಮ್ಮ ಪರವಾಗಿದೆ. ವಿಕಲಚೇತನರ ಹಕ್ಕುಗಳ 2016ರ ಕಾಯ್ದೆಯ 47ನೇ ಸೆಕ್ಷನ್ ಪ್ರಕಾರ ವೈದ್ಯರು, ನರ್ಸ್‌ಗಳು, ಆಶಾ, ಅಂಗನವಾಡಿ ಕಾರ್ಯಕರ್ತೆಯರ ಕಲಿಕೆಯಲ್ಲಿ ಅಂಗವೈಕಲ್ಯದ ವಿಷಯ ಸೇರಲೇಬೇಕು. ಅದರ ಆಧಾರದ ಮೇಲೆ ನಾವು ಕೇಳುವುದು ಮೂರು.

ಒಂದು, ಈ ಆರು ತಿಂಗಳ ಪಾಠ ಕನ್ನಡದಲ್ಲಿ, ಫೋನಿನಲ್ಲಿ ನೋಡಿ ಕೇಳುವಂತೆ, ಪ್ರತಿ ತಾಲೂಕಿಗೂ ಸಿಗಲಿ. ವಾರಕ್ಕೊಂದು ದಿನ ತಾಲೂಕು ಆಸ್ಪತ್ರೆಯಲ್ಲಿ ಕೈಯಲ್ಲಿ ಮಾಡಿ ಕಲಿಯುವಂತಿರಲಿ.

ಎರಡು, ಓದುವ ದಿನಕ್ಕೆ ಗೌರವಧನ ಕಡಿತ ಆಗಬಾರದು. ಕಲಿತ ಮೇಲೆ ಸಂಬಳ ಏರಲಿ, ಮುಂದೆ ನರ್ಸಿಂಗ್ ಸೀಟಿಗೆ ಆ ಪ್ರಮಾಣಪತ್ರ ಲೆಕ್ಕಕ್ಕೆ ಬರಲಿ.

ಮೂರು, ಜಿಲ್ಲೆಯ ನರ್ಸಿಂಗ್ ಶಾಲೆಗಳ ವಿದ್ಯಾರ್ಥಿಗಳು ವಾರ್ಡಿನಲ್ಲಿ ಮಾತ್ರ ಕಲಿಯದೆ, ಇಂಥ ಮಕ್ಕಳಿರುವ ಮನೆಗಳಿಗೂ ಹೋಗಿ ಕಲಿಯಲಿ.

ಆರು ತಿಂಗಳು ಓದಿದವರು ನರ್ಸ್ ಆಗುತ್ತಾರೆಯೇ ಎಂದು ಯಾರಾದರೂ ಕೇಳಬಹುದು. ಆಗುವುದಿಲ್ಲ, ಆಗಲೂಬಾರದು. ಔಷಧಿ ಬರೆಯುವುದು, ಸೂಜಿ ಚುಚ್ಚುವುದು ಅವರ ಕೆಲಸವಲ್ಲ. ‘ಈ ಮಗುವಿಗೆ ಎಲ್ಲೋ ನೋಯ್ತಿದೆ ಸರ್, ನೋಡಿ’ ಎಂದು ಡಾಕ್ಟರ ಮುಂದೆ ಗಟ್ಟಿಯಾಗಿ ಹೇಳುವಷ್ಟು ತಿಳಿದಿದ್ದರೆ ಅರ್ಧ ಕೆಲಸ ಆದಂತೆ. ಇನ್ನೊಂದು ಆಕ್ಷೇಪ ನಿಜಕ್ಕೂ ತೂಕದ್ದು: ಬಡಪಾಯಿ ಕಾರ್ಯಕರ್ತರ ಮೇಲೆ ಇನ್ನೂ ಒಂದು ಹೊರೆ ಹೇರುವುದೇ? ಅದಕ್ಕೇ ಸಂಬಳದ ಮಾತು ಎತ್ತಿದ್ದೇವೆ. ಸಂಬಳವಿಲ್ಲದೆ ಬರುವ ತರಬೇತಿ ನಮಗೂ ಬೇಡ.

ಪಂಚಾಯಿತಿಯಲ್ಲಿ ವಿಕಲಚೇತನರಿಗೆಂದು ಶೇ 5ರಷ್ಟು ಹಣ ಮೀಸಲಿದೆ. ಅವರಿಗಾಗಿಯೇ ಸಮನ್ವಯ ಗ್ರಾಮಸಭೆಯೂ ನಡೆಯುತ್ತದೆ. ಮುಂದಿನ ಸಭೆಯಲ್ಲಿ ತ್ರಿಚಕ್ರ ವಾಹನ, ಊರುಗೋಲಿನ ಪಟ್ಟಿ ಓದಿ ಮುಗಿಸಿದ ಮೇಲೆ ನಿಮ್ಮಲ್ಲಿ ಒಬ್ಬರು ಎದ್ದು ನಿಂತು ಕೇಳಿ: ‘ನಮ್ಮ ವಿಆರ್‌ಡಬ್ಲ್ಯುಗೆ ತರಬೇತಿ ಯಾವಾಗ? ಕನ್ನಡದಲ್ಲಿ ಯಾವಾಗ?’ ಉತ್ತರ ಏನೇ ಬರಲಿ, ಪ್ರಶ್ನೆ ನಡಾವಳಿ ಪುಸ್ತಕದಲ್ಲಿ ದಾಖಲಾಗಲಿ. ದಾಖಲಾದ ಪ್ರಶ್ನೆಯನ್ನು ಪೇಪರಿಗೆ ಬರೆಯುವ ಕೆಲಸ ನಮ್ಮದು.