ಶಿಬಿರಕ್ಕೆ ಬರುವಾಗ ಮಾತ್ರೆಯ ಚೀಲ ತನ್ನಿ



ಮೂವತ್ತೊಂದು ವರ್ಷ ನರ್ಸ್ ಆಗಿ ದುಡಿದು ನಿವೃತ್ತಳಾದವಳು ನಾನು. ಈಗ ಮಠಗಳ ಉಚಿತ ಆರೋಗ್ಯ ಶಿಬಿರಗಳಿಗೆ ಕರೆದಾಗಲೆಲ್ಲ ಹೋಗುತ್ತೇನೆ. ಬಿ.ಪಿ. ನೋಡುವ ಮೇಜು ನನ್ನದು.

ಹೋದ ವರ್ಷ ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಬಂದರು. ದಿನಾ ಯಾವ ಗುಳಿಗಿ ತಗೋತೀರಿ ಎಂದು ಕೇಳಿದೆ. "ಹೆಸರ ನನಗೇನ್ ಗೊತ್ತ ಯವ್ವಾ, ನೀನ ನೋಡು" ಎಂದು ಚೀಲವನ್ನೇ ಮೇಜಿನ ಮೇಲೆ ಸುರಿದರು. ಹನ್ನೊಂದು ಬಗೆ!

ಅವುಗಳಲ್ಲಿ ಎರಡು ಸಕ್ಕರೆ ಕಾಯಿಲೆಯವು. ಕಂಪನಿಯ ಹೆಸರು ಬೇರೆ, ಸಣ್ಣಕ್ಷರದಲ್ಲಿ ಓದಿದರೆ ಎರಡರಲ್ಲೂ ಇದ್ದದ್ದು ಗ್ಲಿಮೆಪಿರೈಡ್. ಒಂದು ತಮ್ಮೂರಲ್ಲಿ ಬರೆಸಿದ್ದು, ಇನ್ನೊಂದು ಮಗಳ ಊರಲ್ಲಿ. ಬೆಳಿಗ್ಗೆ ಬೆವರು, ಕೈನಡುಕ. ಮನೆಯವರು ನಿಶ್ಶಕ್ತಿಯೆಂದು ಟಾನಿಕ್ ತಂದಿದ್ದರು.

ಉಳಿದದ್ದು ಇನ್ನೂ ವಿಚಿತ್ರ. ಬಿ.ಪಿ.ಗೆ ಅಮ್ಲೋಡಿಪಿನ್ ಕೊಟ್ಟಿದ್ದರು. ಅದರಿಂದ ಕೆಲವರಿಗೆ ಪಾದ ಊದುತ್ತದೆ. ಊದಿದ ಪಾದವನ್ನು ಮತ್ತೊಬ್ಬ ವೈದ್ಯರಿಗೆ ತೋರಿಸಿದರು, ಹಳೆಯ ಚೀಟಿ ತೋರಿಸಲಿಲ್ಲ. ಮೂತ್ರ ಹೆಚ್ಚಿಸುವ ಮಾತ್ರೆ ಬಂತು. ರಾತ್ರಿ ನಾಲ್ಕು ಸಲ ಏಳುವುದಾಯಿತು, ಬಚ್ಚಲಲ್ಲಿ ಜಾರಿದರು. ಸೊಂಟನೋವಿಗೆ ಔಷಧಿ ಅಂಗಡಿಯಿಂದ ಡೈಕ್ಲೋಫೆನಾಕ್ ಬಂತು. ಅದು ಬಿ.ಪಿ.ಯನ್ನೂ ಏರಿಸಬಲ್ಲದು, ಮುಪ್ಪಿನಲ್ಲಿ ಮೂತ್ರಪಿಂಡಕ್ಕೂ ಕೆಡುಕು. ಬಿ.ಪಿ. ಏರಿತೆಂದು ಅಮ್ಲೋಡಿಪಿನ್ ದುಪ್ಪಟ್ಟಾಯಿತು. ಪ್ರತಿಯೊಬ್ಬರೂ ತಮಗೆ ಕಂಡಷ್ಟಕ್ಕೆ ಸರಿಯಾಗಿಯೇ ಕೊಟ್ಟಿದ್ದರು. ಇಡೀ ಚೀಲವನ್ನು ಮಾತ್ರ ಯಾರೂ ನೋಡಿರಲಿಲ್ಲ.

ಮಾತ್ರೆ ನಿಲ್ಲಿಸುವ ಅಧಿಕಾರ ನರ್ಸ್‌ಗಿಲ್ಲ, ಇರಲೂಬಾರದು. (ಓದಿದವರೂ ದಯವಿಟ್ಟು ತಾವಾಗಿ ನಿಲ್ಲಿಸಬೇಡಿ.) ನಾನು ಮಾಡಿದ್ದಿಷ್ಟು: ಒಂದು ಹಾಳೆಯಲ್ಲಿ ಹನ್ನೊಂದನ್ನೂ ಬರೆದೆ, ಯಾವುದನ್ನು ನಿಜಕ್ಕೂ ನುಂಗುತ್ತಾರೆ, ಯಾವಾಗ, ಸೋಮವಾರದ ಉಪವಾಸದಂದು ಏನು ಮಾಡುತ್ತಾರೆ ಎಂದು ಕೇಳಿ ಗುರುತಿಸಿದೆ, ವೈದ್ಯರ ಮುಂದೆ ಕೂಡಿಸಿದೆ. ಅವರು ಒಂದು ಸಕ್ಕರೆ ಮಾತ್ರೆಯನ್ನೂ ನೋವಿನ ಮಾತ್ರೆಯನ್ನೂ ಅಲ್ಲೇ ನಿಲ್ಲಿಸಿದರು, ಬಿ.ಪಿ. ಮಾತ್ರೆ ಬದಲಿಸಿ ರಕ್ತಪರೀಕ್ಷೆ ಬರೆದರು. ನನಗೆ ಹಿಡಿದದ್ದು ಇಪ್ಪತ್ತು ನಿಮಿಷ. ವೈದ್ಯರಿಗೆ ಐದು.

ಸಂಜೆ ಅಜ್ಜಿ ಹೊರಡುವಾಗ ಕೈಯಲ್ಲಿ ಹೊಸ ಪೊಟ್ಟಣ. ಔಷಧಿ ವಿತರಣೆಯ ಮೇಜಿನಲ್ಲಿ "ಕಾಲುನೋವು" ಎಂದಿದ್ದಕ್ಕೆ ಮತ್ತೆ ಡೈಕ್ಲೋಫೆನಾಕ್ ಕೊಟ್ಟಿದ್ದರು!

ನನ್ನ ತಕರಾರು ಇದೇ. ಎಷ್ಟು ಜನ ಬಂದರು, ಎಷ್ಟು ರೂಪಾಯಿಯ ಔಷಧಿ ಹಂಚಿದೆವು ಎಂದು ನಮ್ಮ ಶಿಬಿರಗಳು ಲೆಕ್ಕ ಹಾಕುತ್ತವೆ. ಅನ್ನ ಬಡಿಸಿದಂತೆ ಮಾತ್ರೆ ಬಡಿಸುವುದು ದಾಸೋಹವಲ್ಲ. ಐದು, ಆರು ಮಾತ್ರೆ ದಾಟಿದ ಹಿರಿಯರಿಗೆ ಇನ್ನೊಂದು ಕೊಡುವ ಮೊದಲು ಇರುವುದನ್ನು ನೋಡಬೇಕು. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಔಷಧಿಯಿಂದಾಗುವ ಹಾನಿ ತಡೆಯಲು ಜಾಗತಿಕ ಕರೆ ಕೊಟ್ಟಾಗ, ಹಲವು ಔಷಧಿಗಳ ಸೇವನೆಯನ್ನು ಮೂರು ಮುಖ್ಯ ವಿಷಯಗಳಲ್ಲಿ ಒಂದಾಗಿ ಇಟ್ಟಿತ್ತು. ನೋಡುವ ಕಾಯಕಕ್ಕೆ ನರ್ಸ್‌ಗಿಂತ ತಕ್ಕವರು ಯಾರು? ವೈದ್ಯರೆದುರು ಹೇಳಲು ಅಂಜುವ ಮಾತು ನಮ್ಮೆದುರು ಬರುತ್ತದೆ: ದುಡ್ಡಿಲ್ಲದೆ ಅರ್ಧ ಮುರಿದು ನುಂಗಿದ್ದು, ನೆರೆಮನೆಯವರ ನಿದ್ದೆ ಗುಳಿಗೆ, ಸಂತೆಯ ಚೂರ್ಣ.

ಈ ಶ್ರಾವಣದ ಶಿಬಿರಕ್ಕೆ ಎರಡು ಬೇಡಿಕೆ ಇಟ್ಟಿದ್ದೇನೆ. ಮೊದಲ ಮೇಜು ಚೀಲ ನೋಡುವ ನರ್ಸ್‌ನದಾಗಿರಲಿ. ಕರಪತ್ರದಲ್ಲಿ "ಮನೆಯಲ್ಲಿರುವ ಎಲ್ಲ ಔಷಧಿ ತನ್ನಿ" ಎಂಬ ಒಂದು ಸಾಲು ಇರಲಿ. ಜನರ ಸಾಲು ಬೆಳೆಯುತ್ತದೆ, ನೋಡೋಣ ಎಂದಿದ್ದಾರೆ ಸಮಿತಿಯವರು. ಕರಪತ್ರ ಇನ್ನೂ ಅಚ್ಚಿಗೆ ಹೋಗಿಲ್ಲ.