ಪಾದ್ರಿಗಳು ಸುಟ್ಟ ಹಂಚು

ಮಂಗಳೂರು ಹಂಚನ್ನು ಕಾಣದ ಕನ್ನಡಿಗನಿಲ್ಲ. ಮಲೆನಾಡಿನ ಮನೆ, ಬಯಲುಸೀಮೆಯ ಶಾಲೆ, ರೈಲು ನಿಲ್ದಾಣ, ಸರಕಾರಿ ಕಚೇರಿ, ಎಲ್ಲೆಡೆಯೂ ಅದು ತಲೆಯ ಮೇಲೆ ನೆಳಲಾಗಿ ನಿಂತಿದೆ. ಹಳೆಯ ಮಾಡಿನಿಂದ ಇಳಿಸಿದ ಹಂಚೊಂದನ್ನು ಮಗುಚಿ ನೋಡಿದರೆ ಕೆಲವೊಮ್ಮೆ ‘ಬಾಸೆಲ್ ಮಿಷನ್’ ಎಂಬ ಅಚ್ಚು ಕಣ್ಣಿಗೆ ಬೀಳುವುದುಂಟು. ದೇವರ ವಾಕ್ಯವನ್ನು ಸಾರಲು ಬಂದವರ ಹೆಸರು ಹಂಚಿನ ಬೆನ್ನನ್ನು ಏರಿದ ಬಗೆ ವಿಚಾರಾರ್ಹವಾದುದು. ಸಭಾಪಾಲಕನು ವ್ಯಾಪಾರಕ್ಕೆ ಇಳಿಯಬಹುದೇ, ಸರಕಾರದೊಡನೆ ಅವನ ನಂಟು ಎಷ್ಟರಮಟ್ಟಿಗೆ ಇರಬೇಕು ಎಂಬ ಚರ್ಚೆ ಎಲ್ಲ ದೇಶಗಳಲ್ಲಿಯೂ ನಡೆದಿದೆ. ನಮ್ಮ ಕರಾವಳಿಯಲ್ಲಿ ಅದು ಚರ್ಚೆಯಾಗಿ ಉಳಿಯಲಿಲ್ಲ. ಸಾವಿರಾರು ಜನರ ಅನ್ನದ ಪ್ರಶ್ನೆಯಾಯಿತು.

ಮೊದಲಿಗೆ ಬಾಗಿಲು ತೆರೆದುದು ಸರಕಾರವೇ. 1833ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸನ್ನದು ಹೊಸದಾದಾಗ, ಬ್ರಿಟಿಷರಲ್ಲದ ಮಿಷನರಿಗಳೂ ಭಾರತದಲ್ಲಿ ನೆಲಸಲು ಅವಕಾಶ ದೊರೆಯಿತು. ಮರುವರ್ಷವೇ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಸಂಸ್ಥೆಯಿಂದ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದರು. ಕಂಪನಿಯ ದಂಡುಗಳಲ್ಲಿ ಸರಕಾರದ ಸಂಬಳ ಪಡೆಯುವ ಪಾದ್ರಿಗಳಿದ್ದರು. ಇವರು ಆ ವರ್ಗದವರಲ್ಲ. ಬಾಸೆಲಿನ ಭಕ್ತರು ಕೂಡಿಸಿ ಕಳುಹಿದ ಕಾಣಿಕೆಯೇ ಇವರಿಗೆ ಆಧಾರ.

ತೊಡಕು ಆರಂಭವಾದುದು ಕೇಳುಗರು ದೊರೆತ ಮೇಲೆ. ಹೊಸದಾಗಿ ಸಭೆ ಸೇರಿದವರಲ್ಲಿ ಬಿಲ್ಲವರು ಬಹಳ. ಅವರ ಕುಲಕಸುಬು ಮೂರ್ತೆ. ಕಳ್ಳು ಇಳಿಸುವುದನ್ನು ಮಿಷನ್ ಒಪ್ಪದು. ಗೇಣಿಯ ನೆಲವಿದ್ದವನನ್ನು ಧಣಿ ಎಬ್ಬಿಸಿದರೆ ಕೇಳುವವರಿಲ್ಲ. ಕುಟುಂಬ ಹೊರಗಿಟ್ಟಿತು, ನೆಂಟರು ಬಾಗಿಲು ಮುಚ್ಚಿದರು. ಜ್ಞಾನಸ್ನಾನ ಮಾಡಿಸಿದ ಪಾದ್ರಿಯ ಜಗಲಿಯಲ್ಲದೆ ಆ ಸಂಸಾರಕ್ಕೆ ಬೇರೆ ನೆಲೆ ಎಲ್ಲಿ? ಆತ್ಮದ ಹೊಣೆ ಹೊತ್ತವರು ಹೊಟ್ಟೆಯ ಹೊಣೆಯನ್ನೂ ಹೊರಬೇಕಾಯಿತು.

ಬೇಸಾಯವನ್ನು ಪ್ರಯತ್ನಿಸಿದರು, ಗಡಿಯಾರದ ಕೆಲಸವನ್ನೂ ಕಲಿಸಿ ನೋಡಿದರು, ಅವು ಕೈಹಿಡಿಯಲಿಲ್ಲ. 1841ರಲ್ಲಿ ಸ್ಥಾಪಿಸಿದ ಮುದ್ರಣಾಲಯ ಮಾತ್ರ ನಿಂತಿತು. ಹೆರ್ಮನ್ ಮೋಗ್ಲಿಂಗರ ‘ಮಂಗಳೂರ ಸಮಾಚಾರ’ ಅಲ್ಲಿಂದಲೇ 1843ರಲ್ಲಿ ಹೊರಬಂದಿತು. ಕಿಟ್ಟೆಲರ ನಿಘಂಟು 1894ರಲ್ಲಿ ಅಲ್ಲಿಯೇ ಅಚ್ಚಾಯಿತು. ಆದರೆ ಅಚ್ಚುಕೂಟ ಎಷ್ಟು ಮಂದಿಗೆ ಅನ್ನ ಕೊಟ್ಟೀತು? 1851ರ ಹೊತ್ತಿಗೆ ನೆಯ್ಗೆ ಬಲ್ಲ ಜೋಹಾನ್ ಹಾಲರ್ ಬಂದು ಮಗ್ಗಗಳನ್ನು ಹೂಡಿದರು. 1865ರಲ್ಲಿ ಯಂತ್ರವಿದ್ಯೆಯಲ್ಲಿ ಪಳಗಿದ ಜಾರ್ಜ್ ಪ್ಲೆಬ್‌ಸ್ಟ್ ಜೆಪ್ಪಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದರು. ಕೆಲವೇ ಕೆಲಸಗಾರರು, ಮಣ್ಣು ತುಳಿಯಲು ಎತ್ತುಗಳು, ನೇತ್ರಾವತಿಯ ದಡದ ಜೇಡಿ: ಬಂಡವಾಳವೆಂದರೆ ಇಷ್ಟೇ. ಸೋಗೆ, ಮುಳಿಹುಲ್ಲುಗಳ ಮಾಡು ಪ್ರತಿವರ್ಷ ಹೊದಿಸಬೇಕಾದ ನಾಡಿನಲ್ಲಿ, ಬೆಂಕಿಗೂ ಮಳೆಗೂ ಅಂಜದ ಹಂಚು ಬೇಗನೆ ಮನೆಮಾತಾಯಿತು. ಮೂರೇ ವರ್ಷಗಳಲ್ಲಿ, 1868ರಲ್ಲಿ, ಸ್ಥಳೀಯರಾದ ಆಲ್ಬುಕರ್ಕ್ ಮನೆತನದವರು ತಮ್ಮದೇ ಕಾರ್ಖಾನೆಯನ್ನು ಹಾಕಿದರು. ಮಿಷನ್ನಿನ ಉದ್ಯಮದಿಂದ ನಾಡಿಗೆ ಆದ ಲಾಭಗಳಲ್ಲಿ ಇದನ್ನೇ ಹಿರಿದೆನ್ನಬೇಕು. ಕಲಿಸಿದವರ ಕೈಯಿಂದ ವಿದ್ಯೆ ಊರಿನ ಕೈಗೆ ಹರಿಯಿತು.

ಹಾಲರರು ಮಗ್ಗದ ಬಟ್ಟೆಗೆ ಕೊಟ್ಟ ಕಂದುಬಣ್ಣದ ಕಥೆ ಇನ್ನೊಂದು ಬಗೆಯದು. ಮಂಗಳೂರಿನ ಪೋಲೀಸರು ಮೊದಲು ಅದನ್ನು ತೊಟ್ಟರು. ಮುಂದೆ ಸೇನಾಪತಿ ಲಾರ್ಡ್ ರಾಬರ್ಟ್ಸರು ಬಲ್ಮಠದ ನೆಯ್ಗೆಯನ್ನು ಕಂಡು ಮೆಚ್ಚಿ ಸೈನ್ಯಕ್ಕೆ ಶಿಫಾರಸು ಮಾಡಿದರು ಎಂದು ಹೇಳುತ್ತಾರೆ. ಖಾಕಿಯು ಹುಟ್ಟಿದುದೇ ಮಂಗಳೂರಿನಲ್ಲಿ ಎಂಬ ಅಭಿಮಾನದ ಮಾತನ್ನು ಮಾತ್ರ ಹಾಗೆಯೇ ನಂಬಲಾಗದು. ವಾಯವ್ಯ ಗಡಿಯ ಗೈಡ್ಸ್ ದಳವು 1840ರ ದಶಕದಲ್ಲಿಯೇ ಆ ಬಣ್ಣವನ್ನು ತೊಟ್ಟಿತ್ತು. ಅದೇನೇ ಇರಲಿ, ಶಾಂತಿಯನ್ನು ಬೋಧಿಸುವವರ ಮಗ್ಗದಲ್ಲಿ ಸಮವಸ್ತ್ರದ ಬಟ್ಟೆ ನೆಯ್ದು ಸರಕಾರ ಗಿರಾಕಿಯಾದ ವೈಚಿತ್ರ್ಯವಂತೂ ನಿಜ.

ವ್ಯವಹಾರ ಬೆಳೆದಂತೆ ಬಾಸೆಲಿನ ಹಿರಿಯರಿಗೆ ಒಂದು ಅಳುಕು ಹುಟ್ಟಿತು. 1859ರಲ್ಲಿ ವ್ಯಾಪಾರಕ್ಕೆಂದು ಪ್ರತ್ಯೇಕವಾದ ಪಾಲು ಬಂಡವಾಳದ ಕಂಪನಿಯನ್ನು ಸ್ಥಾಪಿಸಿದರು. ಪಾಲುದಾರರಿಗೆ ಮಿತವಾದ ಲಾಭ, ಉಳಿದುದು ಧರ್ಮಕಾರ್ಯಕ್ಕೆ ಎಂಬುದು ಏರ್ಪಾಡು. ಬೋಧಕರು ಬೇರೆ, ವರ್ತಕರು ಬೇರೆ ಎಂದು ಕಾಗದದಲ್ಲಿ ಗೆರೆ ಎಳೆದಂತಾಯಿತು. ಆದರೆ ಕೂಲಿಕಾರನ ಕಣ್ಣಿಗೆ ಆ ಗೆರೆ ಕಂಡೀತೇ?

ಒಬ್ಬ ನೇಕಾರನನ್ನು ಊಹಿಸಿಕೊಳ್ಳಬಹುದು. ಬೆಳಗ್ಗೆ ಕಾರ್ಖಾನೆಯಲ್ಲಿ ಪ್ರಾರ್ಥನೆ, ಬಳಿಕ ಕೆಲಸ. ಅವನ ಮನೆ ಮಿಷನ್ನಿನ ನೆಲದಲ್ಲಿ, ಮಕ್ಕಳು ಮಿಷನ್ನಿನ ಶಾಲೆಯಲ್ಲಿ. ಮದುವೆಯನ್ನು ನಡೆಸುವವರೂ, ಕುಡಿದು ಬಂದಾಗ ಸಭೆಯ ಶಿಸ್ತಿನಂತೆ ವಿಚಾರಿಸುವವರೂ ಅದೇ ಬಳಗದವರು. ಅಂಥವನು ಭಾನುವಾರ ಗುಡಿಯಲ್ಲಿ ಮೊಣಕಾಲೂರುವುದು ಭಕ್ತಿಯಿಂದಲೋ, ಸೋಮವಾರದ ಕೂಲಿಯ ನೆನಪಿನಿಂದಲೋ? ಅವನಿಗೇ ತಿಳಿಯದೆ ಇರಬಹುದು. ಅನ್ನಕ್ಕಾಗಿ ಕ್ರೈಸ್ತರಾಗುವವರನ್ನು ಹುಟ್ಟಿಸುತ್ತಿದ್ದೇವೆಯೇ ಎಂದು ಮಿಷನರಿಗಳಲ್ಲಿಯೇ ಕೆಲವರು ವಾದಿಸಿದರು. ಅನ್ಯಧರ್ಮದವರಿಗೂ ಕಾರ್ಖಾನೆಗಳಲ್ಲಿ ಕೆಲಸ ದೊರೆಯುತ್ತಿದ್ದುದರಿಂದ ಆ ಆಕ್ಷೇಪ ಕೊಂಚ ಸಡಿಲವಾಯಿತೇ ಹೊರತು ತೀರಲಿಲ್ಲ. ಇನ್ನೊಂದು ಮುಖವನ್ನೂ ಮರೆಯಲಾಗದು. ಜಾತಿಗೊಂದು ಕಸುಬೆಂದು ಕಟ್ಟಿದ ಸಮಾಜದಲ್ಲಿ ಮೂರ್ತೆಯವನ ಮಗ ನೇಕಾರನಾದುದು, ಅಚ್ಚುಮೊಳೆ ಜೋಡಿಸಿದುದು, ತಿಂಗಳ ಸಂಬಳ ಎಣಿಸಿದುದು ಸಣ್ಣ ಮಾತಲ್ಲ.

ಈ ತೊಡಕನ್ನು ತಮ್ಮ ಬಾಳಿನಲ್ಲಿಯೇ ಕಂಡವರು ಆನಂದರಾವ್ ಕೌಂಡಿನ್ಯರು. ಮಂಗಳೂರಿನ ಸಾರಸ್ವತ ಬ್ರಾಹ್ಮಣ ಮನೆತನದವರಾದ ಅವರು 1844ರಲ್ಲಿ ಕ್ರೈಸ್ತರಾಗಿ, ಬಾಸೆಲಿನಲ್ಲಿ ಓದಿ, 1851ರಲ್ಲಿ ದೀಕ್ಷೆ ಪಡೆದು ಮರಳಿದರು. ಕೊಡಗಿನಲ್ಲಿ ಜೀತಕ್ಕೆ ಸಿಲುಕಿದ್ದ ಹೊಲೆಯರಲ್ಲಿ ಸಭೆ ಸೇರಿದವರಿಗಾಗಿ ಏರ್ಪಟ್ಟ ಊರಿಗೆ ಅವರ ಹೆಸರಿನಿಂದಲೇ ಆನಂದಪುರವೆಂದು ಕರೆದರು. ಅಲ್ಲಿ ಗುಡಿಯೊಡನೆ ತೋಟವೂ ಬೇಕಾಯಿತು. ನೆಲವಿಲ್ಲದವನಿಗೆ ಬರಿಯ ಉಪದೇಶ ಕೊಟ್ಟು ಕಳುಹಿದರೆ ಅವನು ಮತ್ತೆ ಹಳೆಯ ಧಣಿಯ ಬಾಗಿಲಿಗೇ ಹೋಗಬೇಕು.

ತೆರೆದ ಬಾಗಿಲನ್ನು ಮುಚ್ಚಿದುದೂ ಸರಕಾರವೇ. 1914ರಲ್ಲಿ ಮಹಾಯುದ್ಧ ಸಿಡಿಯಿತು. ಬಾಸೆಲ್ ಸ್ವಿಟ್ಜರ್ಲೆಂಡಿನ ನಗರವಾದರೂ ಮಿಷನರಿಗಳಲ್ಲಿ ಹೆಚ್ಚಿನವರು ಜರ್ಮನರು, ಆದುದರಿಂದ ಶತ್ರುಗಳೆನಿಸಿದರು. ಜರ್ಮನರನ್ನು ಬಂಧನದಲ್ಲಿಟ್ಟು, ಅನಂತರ ಸ್ವದೇಶಕ್ಕೆ ಕಳುಹಿಸಲಾಯಿತು. ಬೈಬಲನ್ನು ಮಾತ್ರ ಹಿಡಿದವನಿಗೂ ಲೆಕ್ಕದ ಪುಸ್ತಕ ಹಿಡಿದವನಿಗೂ ಸರಕಾರ ಭೇದವೆಣಿಸಲಿಲ್ಲ. ಹಂಚಿನ ಕಾರ್ಖಾನೆಗಳೂ ನೆಯ್ಗೆಯ ಶಾಲೆಗಳೂ ಯುದ್ಧ ಮುಗಿದ ಮೇಲೆ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಸಂಸ್ಥೆಯ ವಶವಾದವು. ಅರ್ಧ ಶತಮಾನಕ್ಕೂ ಮಿಕ್ಕಿ ಕಟ್ಟಿದ ವ್ಯಾಪಾರ ಒಂದೇ ಅಪ್ಪಣೆಗೆ ಕೈ ಬದಲಾಯಿಸಿತು.

ಗುಡಿಗಳು ಮುಚ್ಚಲಿಲ್ಲ. ವಿದೇಶೀಯರು ಇಳಿದುಹೋದ ಪೀಠಗಳಲ್ಲಿ ದೇಶೀಯ ಸಭಾಪಾಲಕರೇ ನಿಂತು ಬೋಧಿಸಿದರು. ಕೂಲಿಯ ಬಟವಾಡೆ ಅವರ ಕೈಯಲ್ಲಿರಲಿಲ್ಲ, ಸರಕಾರದ ಮನ್ನಣೆಯೂ ಅವರಿಗಿರಲಿಲ್ಲ. ಆದರೂ ಭಾನುವಾರ ಗಂಟೆ ಬಾರಿಸಿದಾಗ ಜನ ಬಂದರು. 1947ರಲ್ಲಿ ದಕ್ಷಿಣ ಭಾರತ ಸಭೆ ಸ್ಥಾಪಿತವಾಯಿತು. ಬಾಸೆಲ್ ಮಿಷನ್ನಿನ ಕನ್ನಡ ಸಭೆಗಳು ಕಾಲಕ್ರಮದಲ್ಲಿ ಅದರಲ್ಲಿ ಸೇರಿಕೊಂಡವು. ಖಾಕಿಯ ಮಗ್ಗಗಳು ಸದ್ದು ಮಾಡುತ್ತಿದ್ದ ಬಲ್ಮಠದ ಗುಡ್ಡದ ಮೇಲೆ 1965ರಿಂದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜು ನಡೆಯುತ್ತಿದ್ದು, ಕನ್ನಡ ನಾಡಿನ ಸಭಾಪಾಲಕರು ಅಲ್ಲಿ ಶಿಕ್ಷಣ ಪಡೆಯುತ್ತಿದ್ದಾರೆ.