ಮುತ್ಯಾನ ಸರ್ವಿಸ್ ನಂಬರ್ ಎಲ್ಲಿದೆ?

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯವರೇ, ನಿಮ್ಮ ಮುತ್ಯಾ ಎರಡನೇ ಮಹಾಯುದ್ಧದಾಗ ಏರ್‌ಫೋರ್ಸ್‌ನ್ಯಾಗ ಇದ್ದರೇನು? ಹಾಗಿದ್ದರೆ ಈ ಮಾತು ನಿಮಗೆ.

ದಾಖಲೆ ಹುಡುಕೋಣ ಅಂತ ನಾವು ನೆಟ್‌ನಲ್ಲಿ ‘ವಿಜಯಪುರ, ಕರ್ನಾಟಕ’ ಅಂತ ಟೈಪ್ ಮಾಡ್ತೀವಿ. ಹೇಗೆ ಸಿಗಬೇಕು ಹೇಳಿ! 1939-45ರಲ್ಲಿ ನಮ್ಮದು ಮುಂಬಯಿ ಪ್ರಾಂತ್ಯದ ಬಿಜಾಪುರ ಜಿಲ್ಲೆ. ಮೈಸೂರು ರಾಜ್ಯಕ್ಕೆ ಸೇರಿದ್ದು 1956ರಲ್ಲಿ, ರಾಜ್ಯ ಕರ್ನಾಟಕವಾದದ್ದು 1973ರಲ್ಲಿ, ಬಿಜಾಪುರ ವಿಜಯಪುರವಾದದ್ದು 2014ರಲ್ಲಿ. ವಾಯುಪಡೆಯ ಹೆಸರಿಗೂ 1945ರಲ್ಲಿ ‘ರಾಯಲ್’ ಸೇರಿ, 1950ರಲ್ಲಿ ಬಿಟ್ಟುಹೋಯಿತು. ಇನ್ನು ನಮ್ಮ ಅಡ್ಡಹೆಸರುಗಳ ಇಂಗ್ಲಿಷ್ ಸ್ಪೆಲಿಂಗ್ ಬಗ್ಗೆ ಕೇಳಲೇಬೇಡಿ...

ಇಂಥದ್ದರಲ್ಲಿ ಆಧಾರ ಅಂದರೆ ಸರ್ವಿಸ್ ನಂಬರ್. ಡೇಟಾಬೇಸ್ ಭಾಷೆಯಲ್ಲಿ ಅದೇ ಪ್ರೈಮರಿ ಕೀ. ಅದಿಲ್ಲದೆ ದೆಹಲಿಯ ಸುಬ್ರೊತೊ ಪಾರ್ಕ್‌ನಲ್ಲಿರುವ ವಾಯುಪಡೆ ದಾಖಲೆ ಕಚೇರಿಗೆ ಪತ್ರ ಬರೆದರೆ, ಪಾಪ, ಅವರಾದರೂ ಎಷ್ಟು ಜನ ಪಾಟೀಲರನ್ನು, ಬಿರಾದಾರರನ್ನು ಹುಡುಕಬೇಕು?

ಅದಕ್ಕೇ ನನ್ನ ಅಭಿಪ್ರಾಯ, ಹುಡುಕಾಟ ಮನೆಯ ಟ್ರಂಕಿನಿಂದಲೇ ಶುರುವಾಗಬೇಕು. ಡಿಸ್ಚಾರ್ಜ್ ಪತ್ರ, ಪೇ ಬುಕ್, ಹಳೆ ಲಕೋಟೆ, ಯಾವುದರಲ್ಲಾದರೂ ಆ ನಂಬರ್ ಇರಬಹುದು. ಮನೆಗೆ ಸುಣ್ಣ ಹೊಡೆಸುವಾಗ ಅವನ್ನು ರದ್ದಿಗೆ ಹಾಕಬೇಡಿ. ಫೋಟೋ ತೆಗೆದು ಅಣ್ಣತಮ್ಮಂದಿರಿಗೆಲ್ಲ ಕಳಿಸಿಡಿ. ಮುತ್ಯಾನ ಮಾತು ಕೇಳಿದ ಹಿರಿಯರು ಇನ್ನೆಷ್ಟು ಜನ ಉಳಿದಿದ್ದಾರೆ? ದೆಹಲಿಯ ಕಡತ ಕಾಯಬಹುದು, ಅವರು ಕಾಯೋದಿಲ್ಲ. ಏನಂತೀರಿ?